ಮೇಲೆ ಹೋದಾಗ ಮಾತ್ರ ಕೆಮ್ಮುತ್ತಿದ್ದ ಎಂಜಿನ್

ವಿಮಾನ ರಿಪೇರಿಯ ಕೆಲಸಕ್ಕೆ ಸೇರಬೇಕೆನ್ನುವ ಹುಡುಗ ಹುಡುಗಿಯರು ಆಗಾಗ ನನ್ನ ಬಳಿ ಬರುತ್ತಾರೆ. ಯಾವ ಕೋರ್ಸು ಸೇರಬೇಕು, ಲೈಸೆನ್ಸ್ ಪರೀಕ್ಷೆ ಎಷ್ಟು ಕಷ್ಟ, ದೊಡ್ಡ ಕಂಪನಿಗೆ ಹೋಗಲು ಎಷ್ಟು ಕಾಲ ಬೇಕು ಎಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಆ ಕೆಲಸದಲ್ಲಿ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಿದ್ದಿರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಹೆಚ್ಚಿನ ಹೊತ್ತು ತೊಳೆಯುತ್ತಿದ್ದೆವು, ಹುಡುಕುತ್ತಿದ್ದೆವು, ಕಣ್ಣಿಗೆ ಕಾಣದ್ದನ್ನು ಇನ್ನೊಬ್ಬರ ಮಾತಿನ ಮೇಲೆ ನಂಬುತ್ತಿದ್ದೆವು.

ನಾನು ನಿವೃತ್ತನಾದದ್ದು ಗಾಜಿನ ಕಿಟಕಿಗಳ ದೊಡ್ಡ ಹ್ಯಾಂಗರಿನಿಂದ. ಕೆಲಸ ಕಲಿತದ್ದು ಆದೋನಿಯ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಮ್ಮ ಕಡೆ ಹತ್ತಿಗೆ ಕಾಯಿಕೊರಕ ಹುಳ ಬಿದ್ದರೆ ವಿಮಾನದಿಂದ ಔಷಧಿ ಹೊಡೆಸುತ್ತಿದ್ದರು. ಅದಕ್ಕೆಂದೇ ಒಂದು ಖಾಸಗಿ ಕಂಪನಿ ಹಂಗಾಮಿಗೊಮ್ಮೆ ಒಂದು ಸಣ್ಣ ವಿಮಾನ ತಂದು ನಿಲ್ಲಿಸುತ್ತಿತ್ತು. ಮುಂದೆ ಒಂದು ಎಂಜಿನ್, ಅದರ ಹಿಂದೆ ಔಷಧಿಯ ತೊಟ್ಟಿ, ಅದರ ಹಿಂದೆ ಒಬ್ಬನೇ ಕೂರುವಷ್ಟು ಜಾಗ. ಓಡಲು ಮೊರಂ ಮಣ್ಣಿನ ಪಟ್ಟಿ. ಅದರ ಅಂಚಿಗೆ ನಮ್ಮ ಶೆಡ್ಡು.

ಐಟಿಐ ಮುಗಿಸಿ ನಾನು ಆದೋನಿಯ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಲೇತಿನ ಮೇಲೆ ಕೆಲಸ ಮಾಡುತ್ತಿದ್ದೆ. ಒಂದು ದಿನ ಖಾಕಿ ಪ್ಯಾಂಟು, ಹಣೆಗೆ ಅಂಗಾರ ಅಕ್ಷತೆ ಇದ್ದ ಒಬ್ಬ ಹಿರಿಯರು ಬಂದು, ಸವೆದ ಒಂದು ಬುಷ್ಷನ್ನು, ಪಂಪಿನೊಳಗಿನ ಲೋಹದ ಪುಟ್ಟ ಬಳೆಯನ್ನು, ಮುಂದಿಟ್ಟರು. ಇದೇ ಅಳತೆಯದೊಂದು ಕಡೆದುಕೊಡು ಎಂದರು. ನಾನು ಶ್ರದ್ಧೆಯಿಂದ ಕಡೆದುಕೊಟ್ಟೆ. ಅವರು ಮೈಕ್ರೋಮೀಟರಿನಲ್ಲಿ ಅಳೆದು ತಲೆದೂಗಿದರು.

"ಚೊಲೋ ಐತಿ. ಇದನ್ನ ನಮ್ಮ ಪಂಪಿನ್ಯಾಗ ಕೂಡಿಸಿ, ಅಳತಿ ಎಲ್ಲಾ ಸರಿ ಐತೇನು ಅಂತ ನೋಡ್ತೀನಿ. ನೋಡಿ, ಆ ಅಳತೀದು ಕಂಪನಿಗೆ ಬರದು ತರಸ್ತೀನಿ. ಇದನ್ನ ಬಿಸಾಕ್ತೀನಿ."

"ಯಾಕ್ರೀ? ಸರಿ ಐತಿ ಅಂದ್ರಲ್ಲ?"

"ನೋಡಾಕ ಹಂಗ ಐತಿ. ಅದ ಅಲ್ಲ. ಈ ಲೋಹ ಎಲ್ಲಿ ಹುಟ್ಟೈತಿ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಮ್ಯಾಲ ಕಳಸಂಗಿಲ್ಲ."

ಈ ಉತ್ತರ ನನ್ನನ್ನು ಆ ದಿನವೆಲ್ಲ ಬಿಡಲಿಲ್ಲ. ಕೆಲಸ ಮುಗಿಸಿ ಸೈಕಲ್ ತುಳಿದು ಪಟ್ಟಿಗೆ ಹೋದೆ. ಅವರ ಹೆಸರು ಪಾಂಡುರಂಗಾಚಾರ್. ನಂದವರದ ಅರ್ಚಕರ ಮನೆತನದವರು. ಹರೆಯದಲ್ಲಿ ವಾಯುಸೇನೆ ಸೇರಿ, ಅಲ್ಲಿಂದ ಬಂದ ಮೇಲೆ ಲೈಸೆನ್ಸ್ ಪಡೆದ ಎಂಜಿನಿಯರ್ ಆಗಿ ಈ ಕಂಪನಿಯಲ್ಲಿದ್ದರು. ವಿಮಾನ ಹಾರಬಹುದು ಎಂದು ಸಹಿ ಹಾಕುವ ಅಧಿಕಾರ ಅಲ್ಲಿ ಅವರೊಬ್ಬರಿಗೇ ಇತ್ತು. ಎಲ್ಲರೂ ಆಚಾರ್ರು ಎನ್ನುತ್ತಿದ್ದರು. ಮುಂದಿನ ತಿಂಗಳು ನಾನು ಮಿಲ್ಲು ಬಿಟ್ಟು ಅವರ ಸಹಾಯಕನಾದೆ.

ಮೊದಲ ಹಂಗಾಮೆಲ್ಲ ನನ್ನ ಕೆಲಸ ತೊಳೆಯುವುದು. ಬೆಳಗಿನ ಗಾಳಿ ಏಳುವ ಮೊದಲೇ ಸಿಂಪಡಣೆ ಮುಗಿಯುತ್ತಿತ್ತು. ಆಮೇಲೆ ವಿಮಾನದ ಮೈಗೆ ಹತ್ತಿದ ಔಷಧಿಯನ್ನೆಲ್ಲ ಸೋಪಿನ ನೀರಿನಲ್ಲಿ ತೊಳೆಯಬೇಕು. ಕೈಗವಸು, ಮುಖವಾಡ ಯಾವುದೂ ನಮಗಿರಲಿಲ್ಲ. ವಿಮಾನಕ್ಕೆ ಗುರಿ ತೋರಲು ಹೊಲದ ಎರಡು ಕೊನೆಗೆ ಬಾವುಟ ಹಿಡಿದು ನಿಲ್ಲುವವರ ಮೇಲಂತೂ ನೇರವಾಗಿಯೇ ಬೀಳುತ್ತಿತ್ತು. ಇವತ್ತಿನ ಮಕ್ಕಳು ಕೈಗವಸು ಕೇಳಲು ನಾಚಿಕೊಳ್ಳಬಾರದು.

ಐಟಿಐ ಓದಿದ್ದು ತೊಳೆಯಲಿಕ್ಕಾ ಎಂದು ಒಮ್ಮೆ ಗೊಣಗಿದೆ. ಆಚಾರ್ರು ಅರಿವೆ ಹಿಂಡುತ್ತಿದ್ದವರು ಹಾಗೇ ಹೇಳಿದರು: "ತೊಳಿಯೂದು ಅಂದ್ರ ನೋಡೂದು. ಬರೇ ನೋಡು ಅಂದ್ರ ನೀ ಎರಡು ನಿಮಿಷ ನೋಡಿ ಹೋಗ್ತಿ. ತೊಳಿ ಅಂದ್ರ ಒಂದೊಂದು ಮೊಳೀನೂ ಕೈಯಾಗ ಹಿಡೀತಿ."

ನಿಜವೇ ಆಗಿತ್ತು. ಬಾಲದ ಹತ್ತಿರದ ಉಕ್ಕಿನ ಕೊಳವೆಯೊಂದರ ಮೇಲಿನ ಬಣ್ಣ ಗುಳ್ಳೆ ಎದ್ದದ್ದು ನನಗೆ ಸಿಕ್ಕಿದ್ದು ಹಾಗೆ. ಉಗುರಿನಿಂದ ಕೆರೆದರೆ ಬಣ್ಣದ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ತೂತು. ಔಷಧಿ ಹುಳವನ್ನು ಎಷ್ಟು ಕೊಲ್ಲುತ್ತಿತ್ತೋ ಗೊತ್ತಿಲ್ಲ, ಉಕ್ಕನ್ನು ಮಾತ್ರ ಸದ್ದಿಲ್ಲದೆ ತಿನ್ನುತ್ತಿತ್ತು. ಅಂದು ಮೊದಲ ಬಾರಿಗೆ ಈ ಕೆಲಸದಲ್ಲಿ ನನಗೆ ರುಚಿ ಹತ್ತಿತು. ಬಣ್ಣದ ಹಿಂದೆ ಏನಿದೆ, ಸದ್ದಿನ ಹಿಂದೆ ಏನಿದೆ ಎಂದು ಕೆದಕುವ ಚಟ ಅಲ್ಲಿಂದಲೇ ಶುರುವಾಯಿತು.

ಹತ್ಯಾರಗಳ ವಿಷಯದಲ್ಲಿ ಆಚಾರ್ರು ಬಲು ಕಟ್ಟುನಿಟ್ಟು. ಒಂದು ಸ್ಪ್ಯಾನರ್ ಲೆಕ್ಕಕ್ಕೆ ಸಿಗಲಿಲ್ಲವೆಂದರೆ, ಸಿಗುವವರೆಗೂ ವಿಮಾನ ಕದಲುವಂತಿರಲಿಲ್ಲ. ಒಳಗೆಲ್ಲೋ ಉಳಿದ ಸ್ಪ್ಯಾನರ್ ಹಾರುವಾಗ ಜಾರಿ ತಂತಿಗಳ ನಡುವೆ ಸಿಕ್ಕಿಕೊಂಡರೆ ಪೈಲಟ್ಟಿನ ಕೈಯಲ್ಲಿರುವ, ವಿಮಾನವನ್ನು ತಿರುಗಿಸುವ ಕಡ್ಡಿಯೇ ಅಲುಗದು. ಒಂದು ಬೆಳಿಗ್ಗೆ ಎಲ್ಲ ಸಿದ್ಧವಾಗಿ, ತೊಟ್ಟಿ ತುಂಬಿ, ಎಂಜಿನ್ ಹಚ್ಚಬೇಕೆನ್ನುವಾಗ ಆಚಾರ್ರು ಕೈ ಅಡ್ಡ ಹಿಡಿದರು.

"ನಿಲ್ಲಿಸ್ರಿ. ನನ್ನ ಚಾಳೀಸು ಕಾಣವಲ್ದು."

ನಮ್ಮ ಮ್ಯಾನೇಜರ್ ಗುಂಟೂರಿನ ಕಡೆಯವರು, ತೆಲುಗಿನವರು. ರೈತರಿಗೆ ಮಾತು ಕೊಟ್ಟು ಬಂದವರು ಅವರೇ. "ಏಮಂಡಿ ಆಚಾರ್ಯುಲುಗಾರೂ, ಕಳ್ಳಜೋಡು ಕೋಸಂ ಫ್ಲೈಟ್ ಆಪುತಾರಾ?" ಎಂದರು. ಕನ್ನಡಕಕ್ಕಾಗಿ ವಿಮಾನ ನಿಲ್ಲಿಸುತ್ತೀರಾ ಎಂದು.

"ಈರಣ್ಣನ ಸ್ಪ್ಯಾನರ್ ಹೋದ್ರ ನಿಲ್ಲಸ್ತೀನಿ. ನನ್ನ ಚಾಳೀಸು ಹೋದ್ರ ಹೆಂಗ ಬಿಡ್ಲಿ?" ಎಂದರು ಆಚಾರ್ರು, ನನ್ನ ಕಡೆ ಬೆರಳು ಮಾಡಿ.

ಬಾಲದ ತಟ್ಟೆಗಳನ್ನೆಲ್ಲ ಬಿಚ್ಚಿದೆವು. ಒಳಗೆ, ಚುಕ್ಕಾಣಿಯ ತಂತಿಯ ಪಕ್ಕದಲ್ಲೇ ಕನ್ನಡಕ ಕಾಲು ಮಡಚಿಕೊಂಡು ಕೂತಿತ್ತು. ಹಿಂದಿನ ಸಂಜೆ ಇಣುಕಿ ನೋಡುವಾಗ ಜಾರಿದ್ದು. ಆ ದಿನ ಒಂದೇ ಒಂದು ಹೊಲಕ್ಕೂ ಔಷಧಿ ಬೀಳಲಿಲ್ಲ. ಆಚಾರ್ರು ಕನ್ನಡಕ ಒರೆಸಿ ಹಾಕಿಕೊಂಡರು. ಮರುದಿನದಿಂದ ಅದಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಬಂದರು.

ಇನ್ನು ಹೇಳಬೇಕಾದದ್ದು ಕೆಮ್ಮಿನ ಕಥೆ.

ಆ ವರ್ಷ ನಮಗಿದ್ದ ಪೈಲಟ್ ಕ್ಯಾಪ್ಟನ್ ಬೇಗ್. ಹೈದರಾಬಾದಿನವರು, ನಲವತ್ತು ದಾಟಿದವರು, ಮಾತು ಕಡಿಮೆ. ಹತ್ತಿ ಗಿಡದ ತಲೆಗೆ ಚಕ್ರ ತಾಗುವಷ್ಟು ಕೆಳಗೆ ಹಾರಿ, ಹೊಲದ ಕೊನೆಯಲ್ಲಿ ಮೂಗೆತ್ತಿ ಮೇಲೇರಿ, ತಿರುಗಿ ಮತ್ತೆ ಕೆಳಗಿಳಿಯುವುದು ಅವರ ಕೆಲಸ. ಆ ಅಕ್ಟೋಬರಿನಲ್ಲಿ ಮಳೆ ಹಿಡಿದು ವಿಮಾನ ಹಲವು ದಿನ ಸುಮ್ಮನೆ ನಿಂತಿತ್ತು. ಮಳೆ ಬಿಟ್ಟು ಮತ್ತೆ ಹಾರಿದ ಮೊದಲ ದಿನವೇ ಅವರು ಇಳಿದು ಬಂದು, ಹೆಲ್ಮೆಟ್ ತೆಗೆಯುತ್ತ, ತಮ್ಮ ದಖನಿ ಉರ್ದುವಿನಲ್ಲಿ ಹೇಳಿದರು: "ಆಚಾರ್ ಸಾಬ್, ಎಂಜಿನ್ ಖಾಂಸ್ ರಹಾ ಹೈ. ಮೇಲೆ ಎತ್ತುವಾಗ ಕೆಮ್ಮುತ್ತದೆ. ಒಂದು ಉಸಿರು, ಅಷ್ಟೇ. ಆಮೇಲೆ ಸರಿ."

ಎಂಜಿನ್ ಹೊದಿಕೆ ಬಿಚ್ಚಿದೆವು. ಪ್ಲಗ್ಗು ತೆಗೆದು ನೋಡಿದೆವು, ಇಂಧನದ ಜಾಲರಿ ತೊಳೆದೆವು, ರೆಕ್ಕೆಯಲ್ಲಿರುವ ಇಂಧನ ತೊಟ್ಟಿಯ ತಳದಿಂದ ಒಂದಿಷ್ಟು ಬಸಿದು ಗಾಜಿನ ಬಾಟಲಿಯಲ್ಲಿ ನೀರು ಸೇರಿದೆಯೇ ಎಂದು ಬೆಳಕಿಗೆ ಹಿಡಿದೆವು. ಮಳೆಯ ನಂತರ ಮೊದಲ ಅನುಮಾನ ನೀರಿನ ಮೇಲೆಯೇ. ನೀರಿರಲಿಲ್ಲ. ವಿಮಾನದ ಬಾಲವನ್ನು ಗೂಟಕ್ಕೆ ಕಟ್ಟಿ ಎಂಜಿನ್ನನ್ನು ಪೂರ್ತಿ ಬಲಕ್ಕೆ ತಂದೆವು. ನೆಲ ನಡುಗುವ ಹಾಗೆ ಗುಡುಗಿತು, ಒಮ್ಮೆಯೂ ತಪ್ಪಲಿಲ್ಲ.

ಮರುದಿನ ಮತ್ತೆ ಅದೇ ದೂರು. ಅದರ ಮರುದಿನ ಎರಡು ಸಲ ಕೆಮ್ಮಿತೆಂದರು. ನಾವು ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಬದಲಿಸಿದೆವು, ವೈರು ಬದಲಿಸಿದೆವು. ಇಂಧನ ತೊಟ್ಟಿಗೆ ಹೊರಗಿನ ಗಾಳಿ ಬಿಡುವ ಗಾಳಿನಳಿಕೆಯ ಬಾಯಿಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆವು, ಬಾಯಿ ಸ್ವಚ್ಛವಾಗಿತ್ತು. ನೆಲದ ಮೇಲೆ ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ.

ಒಬ್ಬನೇ ಕೂರುವ ವಿಮಾನದ ಕಷ್ಟ ಇದು. ಬೇರೆ ಯಾರೂ ಜೊತೆಗೆ ಹೋಗಿ ಕೇಳಿ ಬರುವಂತಿಲ್ಲ. ಕೆಮ್ಮನ್ನು ಕೇಳಿದವರು ಒಬ್ಬರೇ, ಸಾಕ್ಷಿಯೂ ಅವರೊಬ್ಬರೇ. ಮ್ಯಾನೇಜರಿಗೆ ತಾಳ್ಮೆ ತಪ್ಪಿತು. ಹುಳ ಎದ್ದ ಹೊಲಗಳ ರೈತರು ಅವರ ಖೋಲಿಯ ಮುಂದೆ ದಿನಾ ಬಂದು ಕೂರುತ್ತಿದ್ದರು. ಒಂದು ಸಂಜೆ ಮ್ಯಾನೇಜರ್ ಶೆಡ್ಡಿಗೆ ಬಂದು, ಬೇಗ್ ಸಾಹೇಬರು ಅಲ್ಲೇ ಹೊರಗೆ ಚಹಾ ಕುಡಿಯುತ್ತಿದ್ದುದು ಗೊತ್ತಿದ್ದೂ, "ಎಂಜಿನ್‌ಲೋ ಏಮೀ ಲೇದು. ಪೈಲಟ್‌ಕಿ ಭಯಂ ಪಟ್ಟುಕುಂದಿ" ಎಂದರು. ಎಂಜಿನ್ನಿನಲ್ಲಿ ಏನೂ ಇಲ್ಲ, ಪೈಲಟ್ಟಿಗೇ ಭಯ ಹಿಡಿದಿದೆ ಎಂಬ ಮಾತು. ಬೇರೆ ಪೈಲಟ್ಟನ್ನು ಕಳಿಸಲು ಹೈದರಾಬಾದಿಗೆ ಫೋನ್ ಮಾಡಿದ್ದೇನೆ ಎಂದೂ ಹೇಳಿದರು.

ಬೇಗ್ ಸಾಹೇಬರು ಚಹಾ ಮುಗಿಸಿ ಲೋಟವನ್ನು ತೊಳೆದಿಟ್ಟು ಹೋದರು.

ಇಬ್ಬರೂ ಹೋದ ಮೇಲೆ ನಾನು ಆಚಾರ್ರನ್ನು ಕೇಳಿದೆ, "ಖರೇನ ಭಯ ಬಿದ್ದಿರಬಹುದೇನ್ರಿ?"

"ಭಯ ಇರ್ತೈತಿ. ಇರಬೇಕು. ಆದ್ರ ಅಂವ ಯಾವಾಗ ಕೆಮ್ಮತೈತಿ ಅಂತ ಹೇಳ್ತಾನ ನೋಡು. ದಿನಾ ಒಂದ ಜಾಗ. ಔಷಧ ತುಂಬಿದ ತೊಟ್ಟಿ, ಪೂರ್ತಿ ಬಲ, ಮೂಗು ಮ್ಯಾಲ. ಹೆದರಿದಾಂವ ಒಂದೊಂದು ದಿನ ಒಂದೊಂದು ಹೇಳ್ತಾನ."

"ಮತ್ತ ಕೆಳಗ ಯಾಕ ಕೆಮ್ಮಂಗಿಲ್ಲ?"

"ಅದನ್ನ ನನ್ನ ಕೇಳಬ್ಯಾಡ. ಅದನ್ನ ಕೇಳ್ತ ಕೂತೀನಿ ನಾನೂ."

ಅದಾದ ಎರಡನೇ ಬೆಳಿಗ್ಗೆ ಬಾವುಟ ಹಿಡಿಯುವವನೊಬ್ಬ ಸೈಕಲ್ ತುಳಿಯುತ್ತ ಪಟ್ಟಿಗೆ ಬಂದ. ವಿಮಾನ ಪೆದ್ದಹರಿವಾಣದ ಹತ್ತಿರ ಬಿದ್ದಿದೆ ಎಂದ. ಪೈಲಟ್ಟು ಹೇಗಿದ್ದಾರೆ ಎಂದೆವು. "ಅದಾನ, ಕುಂತಾನ" ಎಂದ. ಆಚಾರ್ರು ಜೀಪಿಗೆ ಹತ್ತುವಾಗ ಅವರ ತುಟಿ ಅಲುಗುತ್ತಿತ್ತು, ಏನನ್ನೋ ಪಠಿಸುತ್ತಿದ್ದರು. ಮ್ಯಾನೇಜರ್ ಮುಂದಿನ ಸೀಟಿನಲ್ಲಿ ಕೂತರು.

ಎರೆಮಣ್ಣಿನ ದಾರಿಯಲ್ಲಿ ಜೀಪು ಹೂತಿತು. ಇಳಿದು ನಡೆದೆವು. ಬೀಳುಬಿದ್ದ ಒಂದು ಹುಲ್ಲುಗಾವಲಿನಲ್ಲಿ ವಿಮಾನ ಮೂರು ಕಾಲಿನ ಮೇಲೂ ನೆಟ್ಟಗೆ ನಿಂತಿತ್ತು. ಬಾಲದ ಪುಟ್ಟ ಗಾಲಿ ಮಾತ್ರ ಸೊಟ್ಟಗಾಗಿತ್ತು. ಕ್ಯಾಪ್ಟನ್ ಬೇಗ್ ಹತ್ತಿರದ ಬೇವಿನ ಮರದ ಕೆಳಗೆ ಕೂತಿದ್ದರು, ಹಣೆಗೆ ಯಾರದೋ ಟವೆಲ್ಲು ಕಟ್ಟಿತ್ತು.

"ಈ ಸಲ ಕೆಮ್ಮಲಿಲ್ಲ ಆಚಾರ್ ಸಾಬ್. ಬಂದ್ ಆಯಿತು," ಎಂದರು. ಎಂಜಿನ್ ನಿಂತ ಕೂಡಲೇ ಔಷಧಿಯನ್ನೆಲ್ಲ ಒಮ್ಮೆಗೇ ಹತ್ತಿ ಹೊಲಕ್ಕೆ ಸುರಿದು, ಹಗುರಾದ ವಿಮಾನವನ್ನು ಜಾರಿಸುತ್ತ ಗಾವಲಿಗೆ ತಂದಿದ್ದರು.

ಊರಿನ ಜನ ವಿಮಾನದ ಸುತ್ತ ದೂರದಲ್ಲಿ ನಿಂತಿದ್ದರು. ಅವರಿಗೂ ವಿಮಾನಕ್ಕೂ ನಡುವೆ ಒಬ್ಬ ಮುದುಕ ಕಂಬಳಿ ಹೊದ್ದು, ಕೋಲು ಊರಿ ನಿಂತಿದ್ದ. ಅವರು ನನ್ನ ತಂದೆ ತಿಮ್ಮಪ್ಪ. ಪೆದ್ದಹರಿವಾಣ ನಮ್ಮೂರು, ಕುರಿ ಸಾಕುವುದು ನಮ್ಮ ಮನೆಯ ಕಸುಬು. ಆ ಗಾವಲಿನಲ್ಲಿ ಅವರು ಆಗ ಕುರಿ ಮೇಯಿಸುತ್ತಿದ್ದರು.

"ಯಾರೂ ಮುಟ್ಟಿಲ್ಲ," ಎಂದರು ನನ್ನನ್ನು ಕಂಡು. "ಹುಡುಗರು ಹತ್ತಾಕ ನೋಡಿದ್ವು. ನಿಮ್ಮ ಸಾಮಾನು, ನೀವ ಬಂದು ಮುಟ್ಟಬೇಕು ಅಂತ ನಿಂತೀನಿ."

ನಾನು ಅಭ್ಯಾಸಬಲದಿಂದ ಎಂಜಿನ್ ಹೊದಿಕೆಯ ತಿರುಪಿಗೆ ಕೈ ಹಾಕಿದೆ. ಆಚಾರ್ರು ನನ್ನ ಮುಂಗೈ ಹಿಡಿದರು.

"ತಡಿ. ವಿಮಾನ ಇಳಿದ ಕೂಡ್ಲೆ ನಾವು ದಿನಾ ಮೊದಲ ಏನು ಮಾಡ್ತೀವಿ?"

"ಹೊದಿಕಿ ಬಿಚ್ಚತೀವಿ."

"ಅದಕ್ಕೂ ಮೊದಲ?"

ಯೋಚಿಸಿದೆ. ಬೆಳಗಿನ ಹೊತ್ತು ಹಾಳಾಗಬಾರದೆಂದು ವಿಮಾನ ನಿಂತ ಕ್ಷಣವೇ ಇಂಧನ ತುಂಬುತ್ತಿದ್ದೆವು. ಪೈಲಟ್ ಬೆಲ್ಟು ಬಿಚ್ಚುವಷ್ಟರಲ್ಲಿ ಯಾರಾದರೊಬ್ಬರು ರೆಕ್ಕೆ ಹತ್ತಿ ಇಂಧನ ತೊಟ್ಟಿಯ ಮುಚ್ಚಳ ತೆರೆದಿರುತ್ತಿದ್ದರು. ದೂರು ಕೇಳುವುದು, ಪರೀಕ್ಷಿಸುವುದು ಎಲ್ಲ ಅದರ ನಂತರ.

"ಎಣ್ಣಿ ಹಾಕ್ತೀವಿ," ಎಂದೆ.

"ಇವತ್ತು ಹಾಕಿಲ್ಲ. ಇಷ್ಟು ದಿನದಾಗ ಇದೊಂದ ಸಲ ಹಾಕಿಲ್ಲ. ಏರು. ಮುಚ್ಚಳ ಸಾವಕಾಶ ತಿರುವು. ಎಲ್ಲಾರೂ ಸುಮ್ಮನಿರ್ರಿ."

ಮುಚ್ಚಳ ಎಂದಿನಂತೆ ತಿರುಗಲಿಲ್ಲ. ಯಾರೋ ಒಳಗಿನಿಂದ ಹಿಡಿದೆಳೆದಂತಿತ್ತು. ಎರಡೂ ಕೈ ಹಚ್ಚಿ ಬಲವಾಗಿ ತಿರುವಿದೆ. ಉಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು. ಆ ಸದ್ದು ಬಹಳ ಹೊತ್ತು ನಡೆಯಿತು. ಕೊನೆಗೆ ಒಳಗೆ ಸೆಳೆದುಕೊಂಡಿದ್ದ ತೊಟ್ಟಿಯ ತಗಡು ಡಬ್ಬೆಂದು ಹೊರಕ್ಕೆ ಉಬ್ಬಿತು. ನಮ್ಮ ತಂದೆ ಒಂದು ಹೆಜ್ಜೆ ಹಿಂದೆ ಸರಿದರು. ಬೇಗ್ ಸಾಹೇಬರು ಮರದ ಕೆಳಗಿನಿಂದ ಎದ್ದು ಬಂದರು.

ವಿಷಯ ಸರಳ. ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಸರಾಗ ಇಳಿಯುವುದಿಲ್ಲ, ಗಾಳಿ ಒಳಗೆ ಹೋಗಲು ಇನ್ನೊಂದು ತೂತು ಬೇಕು. ವಿಮಾನದ ತೊಟ್ಟಿಗೂ ಅಷ್ಟೇ. ಇಂಧನ ಕಡಿಮೆಯಾದಂತೆ ಗಾಳಿನಳಿಕೆಯಿಂದ ಗಾಳಿ ಒಳಗೆ ಬರಬೇಕು. ಅದು ಕಟ್ಟಿಕೊಂಡರೆ ತೊಟ್ಟಿಯೇ ಇಂಧನವನ್ನು ಬಿಗಿಹಿಡಿದು ನಿಲ್ಲುತ್ತದೆ. ಪೂರ್ತಿ ಬಲದಲ್ಲಿ ಏರುವಾಗ ಎಂಜಿನ್ ಹೆಚ್ಚು ಕೇಳುತ್ತದೆ, ಆಗ ಸಾಲದೆ ಕೆಮ್ಮುತ್ತದೆ. ನೆಲಕ್ಕಿಳಿದ ಕೂಡಲೇ ನಾವು ಮುಚ್ಚಳ ತೆರೆದು ಗಾಳಿ ಬಿಡುತ್ತಿದ್ದೆವು. ಆಮೇಲೆ ರೋಗ ಹುಡುಕುತ್ತಿದ್ದೆವು. ರೋಗ ಅಷ್ಟರಲ್ಲಿ ನಮ್ಮ ಕೈಯಿಂದಲೇ ವಾಸಿಯಾಗಿರುತ್ತಿತ್ತು. ಗೂಟಕ್ಕೆ ಕಟ್ಟಿ ಓಡಿಸಿದ ಆ ಸ್ವಲ್ಪ ಹೊತ್ತು ಅದು ಮತ್ತೆ ಏಳಲು ಸಾಲುತ್ತಿರಲಿಲ್ಲ.

ಗಾಳಿನಳಿಕೆ ಬಿಚ್ಚಿದೆವು. ಬಾಯಿ ಸ್ವಚ್ಛ. ಮೊದಲ ತಿರುವಿನ ಆಚೆ, ಬ್ಯಾಟರಿಯ ಬೆಳಕು ತಲುಪದ ಕಡೆ, ನುಣ್ಣನೆಯ ಮಣ್ಣಿನ ಬಿರಡೆ. ಆಚಾರ್ರು ಕಡ್ಡಿಯಿಂದ ಮೆಲ್ಲಗೆ ನೂಕಿ ಅದನ್ನು ತಮ್ಮ ಅಂಗೈ ಮೇಲೆ ಬೀಳಿಸಿಕೊಂಡರು. ಕಣಜದ ಹುಳುವಿನ ಗೂಡು. ಒಂದರ ಹಿಂದೊಂದು ಪುಟ್ಟ ಖೋಲಿಗಳು. ಮಳೆಯಲ್ಲಿ ವಿಮಾನ ನಿಂತಾಗ ಮೊದಲ ಖೋಲಿ ಕಟ್ಟಿರಬೇಕು. ನಂತರ ನಾವು ಊಟಕ್ಕೆ ಹೋದ ಮಧ್ಯಾಹ್ನಗಳಲ್ಲಿ ಒಂದೊಂದನ್ನೇ ಸೇರಿಸುತ್ತ ಬಂದು, ಕೊನೆಯ ಬಾಗಿಲನ್ನೂ ಮೆತ್ತಿ ಮುಚ್ಚಿತ್ತು. ಕೆಮ್ಮು ದಿನದಿಂದ ದಿನಕ್ಕೆ ಹೆಚ್ಚಿದ್ದೂ ಅದಕ್ಕೇ.

ಒಂದು ಖೋಲಿ ಒಡೆದಿತ್ತು. ಅದರೊಳಗೆ ಮರಿಗೆಂದು ಕಣಜ ಕೂಡಿಟ್ಟ ಹಸಿರು ಹುಳಗಳು ಒತ್ತೊತ್ತಾಗಿ ಮಲಗಿದ್ದವು. ಸತ್ತಿರಲಿಲ್ಲ, ಚುಚ್ಚಿಸಿಕೊಂಡು ಮರಗಟ್ಟಿದ್ದವು. ಸುತ್ತ ಸೇರಿದ ರೈತರಲ್ಲೊಬ್ಬ ಬಗ್ಗಿ ನೋಡಿ, "ಇದು ನಮ್ಮ ಹತ್ತಿ ಹುಳನ ಐತಲ್ಲ" ಎಂದ.

ಹೌದು, ಅದೇ ಕಾಯಿಕೊರಕ. ಹಾಗೆ ನೋಡಿದರೆ ಆ ಕಣಜ ಮಾಡುತ್ತಿದ್ದುದೂ ನಮ್ಮ ಕೆಲಸವನ್ನೇ. ನಾವು ಗದ್ದಲ ಮಾಡುತ್ತಿದ್ದೆವು, ಅದು ಮಾಡುತ್ತಿರಲಿಲ್ಲ. ಬೇಗ್ ಸಾಹೇಬರು ಆ ಗೂಡನ್ನು ಬೆರಳಿನಲ್ಲಿ ಮುಟ್ಟಿ ಬಹಳ ಹೊತ್ತು ನೋಡಿದರು. ಕೋಪ ಬರಬಹುದು ಎಂದುಕೊಂಡಿದ್ದೆ. "ಎಷ್ಟು ಚೆನ್ನಾಗಿ ಕಟ್ಟಿದೆ," ಎಂದರು.

ಮ್ಯಾನೇಜರಿಗೆ ಇನ್ನೂ ಅನುಮಾನ. ಇಷ್ಟು ಮಣ್ಣಿನಿಂದ ಎಂಜಿನ್ ನಿಲ್ಲುತ್ತದೆಯೇ ಎಂದರು. ಆಚಾರ್ರು ವಾದಿಸಲಿಲ್ಲ. ಬಾಲವನ್ನು ಬೇವಿನ ಮರಕ್ಕೆ ಹಗ್ಗದಿಂದ ಬಿಗಿಸಿದರು. ಗಾಳಿನಳಿಕೆಯನ್ನು ಜೋಡಿಸಿ, ಅದರ ಬಾಯಿಗೆ ಎಣ್ಣೆ ಬಟ್ಟೆ ತುರುಕಿ, ಮುಚ್ಚಳ ಬಿಗಿದು, ಎಂಜಿನ್ ಪೂರ್ತಿ ಬಲಕ್ಕೆ ತರಲು ಬೇಗ್ ಸಾಹೇಬರಿಗೆ ಸನ್ನೆ ಮಾಡಿದರು. ಈ ಸಲ ಬೇಗ ಇಳಿಸಲಿಲ್ಲ. ಎಂಜಿನ್ ಗುಡುಗುತ್ತಲೇ ಇತ್ತು, ಜನ ಕಿವಿ ಮುಚ್ಚಿಕೊಂಡರು, ಮ್ಯಾನೇಜರ್ ಗಡಿಯಾರ ನೋಡಿದರು. ಆಗ ಅದು ಕೆಮ್ಮಿತು. ಆ ಕೆಮ್ಮನ್ನು ನಾನು ಮೊದಲ ಬಾರಿಗೆ ಕೇಳಿದ್ದು ಅಲ್ಲಿ. ಮತ್ತೊಮ್ಮೆ ಕೆಮ್ಮಿ, ರೆಕ್ಕೆ ನಡುಗಿಸಿ, ನಿಂತುಹೋಯಿತು. ಇದನ್ನು ಹೊಲದ ಮೇಲೆ, ತೆಂಗಿನ ಮರದಷ್ಟು ಎತ್ತರದಲ್ಲಿ, ಒಬ್ಬರೇ ಕೂತು ಕೇಳುವುದೆಂದರೆ ಏನೆಂದು ಆಗ ತಿಳಿಯಿತು. ಬಟ್ಟೆ ತೆಗೆದು ಮತ್ತೆ ಓಡಿಸಿದೆವು. ಕೆಮ್ಮಲಿಲ್ಲ.

ಮ್ಯಾನೇಜರ್ ತಲೆಯಾಡಿಸಿದರು. ಆದರೆ ಬೇರೆ ಪೈಲಟ್ಟಿಗೆ ಕೊಟ್ಟ ಕರೆಯನ್ನು ವಾಪಸ್ಸು ಪಡೆಯುವ ಮಾತೆತ್ತಲಿಲ್ಲ.

ಇನ್ನು ವಿಮಾನವನ್ನು ಅಲ್ಲಿಂದ ಹಾರಿಸಬೇಕಿತ್ತು. ಬಾಲದ ಗಾಲಿ ಬದಲಿಸಿದೆವು. ಗಾವಲು ಗಟ್ಟಿ ನೆಲವೇ, ಆದರೆ ಓಡಲು ಸಾಲದು. ಅದರ ಮುಂದಿನ ತುಂಡು ಹೊಸದಾಗಿ ಉತ್ತದ್ದು, ಗಾಲಿ ಹೂತು ಮೂಗು ಮುಗ್ಗರಿಸುವುದು ಖಂಡಿತ. ಆಚಾರ್ರು ನಮ್ಮ ತಂದೆಯ ಕುರಿಗಳತ್ತ ನೋಡಿದರು. ನಂದವರದಲ್ಲಿ ಕಣ ಮಾಡುವಾಗ ದನ ತುಳಿಸಿ ನೆಲ ಗಟ್ಟಿ ಮಾಡುವುದನ್ನು ಚಿಕ್ಕಂದಿನಿಂದ ಕಂಡವರು ಅವರು.

"ತಿಮ್ಮಪ್ಪ, ನಿನ್ನ ಹಿಂಡು ಇದರ ಮ್ಯಾಲ ಹಾಯಿಸಿ ತುಳಸಿ ಕೊಡ್ತಿಯೇನು?"

"ಕೊಡಂಗಿಲ್ಲ ಸ್ವಾಮಿ," ಎಂದರು ನಮ್ಮ ತಂದೆ. "ನಿಮ್ಮಾಂವ ಔಷಧ ಸುರದಾನ. ಕುರಿ ನೆಲ ಮೂಸ್ತಾವ, ಸಿಕ್ಕದ್ದು ಕಡೀತಾವ. ವಿಮಾನ ಇನ್ನೊಂದು ಬರತೈತಿ. ನನಗ ಕುರಿ ಯಾರು ತಂದುಕೊಡ್ತಾರ?"

ನಾನು ಬಾಯಿ ಹಾಕಲು ಹೋದೆ. ಆಚಾರ್ರು ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿ, ನಮ್ಮ ತಂದೆಯನ್ನು ಕರೆದುಕೊಂಡು ನಡೆದರು. ಔಷಧಿ ಸುರಿದದ್ದು ಗಾವಲಿನ ಪಡುವಣಕ್ಕೆ, ಉತ್ತ ನೆಲ ಮೂಡಣಕ್ಕೆ. ಇಬ್ಬರೂ ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮೂಸುತ್ತ ಹೋದರು. ಮಡಿ ಮೈಲಿಗೆಯ ಮನೆತನದವರೊಬ್ಬರು, ಕುರಿ ಹಿಂಡಿನವರೊಬ್ಬರು, ಹೊಲದಲ್ಲಿ ಮಣ್ಣು ಮೂಸುತ್ತ ಹೋಗುವುದನ್ನು ಊರೇ ನಿಂತು ನೋಡಿತು. ತಿರುಗಿ ಬಂದಾಗ ನಮ್ಮ ತಂದೆ, "ಬಾಯಿಗೆ ಬುಟ್ಟಿ ಕಟ್ಟಿ ಹೊಡೀತೀನಿ. ಗಾಳಿ ಈ ಕಡಿ ತಿರುಗಿದ್ರ ಬಿಟ್ಟು ಹೋಗ್ತೀನಿ" ಎಂದರು.

ಊರಿನವರು ಕೊಡದಲ್ಲಿ ನೀರು ತಂದು ಚಿಮುಕಿಸಿದರು. ಮರುದಿನ ಬಿಸಿಲೇರುವವರೆಗೆ, ಮತ್ತೆ ಸಂಜೆ, ಹಿಂಡು ಆ ಪಟ್ಟಿಯ ಮೇಲೆ ಹೋಗಿ ಬಂದಿತು, ಹೋಗಿ ಬಂದಿತು. ನನ್ನನ್ನೂ ಸುಮ್ಮನೆ ಬಿಡಲಿಲ್ಲ, ಕೋಲು ಕೊಟ್ಟು ಹಿಂದೆ ನಿಲ್ಲಿಸಿದರು. ಅದರ ಮರುದಿನ ಬೆಳಿಗ್ಗೆ ಆಚಾರ್ರು ಹಿಮ್ಮಡಿ ಊರಿ ನೋಡಿದರು. ಇಳಿಯಲಿಲ್ಲ.

ಆ ಬೆಳಿಗ್ಗೆಯೇ ಮ್ಯಾನೇಜರ್ ಹೊಸ ಪೈಲಟ್ಟನ್ನು ಕರೆತಂದರು. ಹಿಂದಿನ ದಿನ ರೈಲಿನಲ್ಲಿ ಬಂದಿಳಿದ ಯುವಕ. ವಿಮಾನವನ್ನು ಇಲ್ಲಿಂದ ಇವರೇ ಒಯ್ಯುತ್ತಾರೆ, ಬೇಗ್ ಜೀಪಿನಲ್ಲಿ ಬರಲಿ ಎಂದರು. ಬೇಗ್ ಸಾಹೇಬರು ಆಗಲೇ ಹೆಲ್ಮೆಟ್ ಹಿಡಿದು ನಿಂತಿದ್ದರು. ಅದನ್ನು ಕಂಕುಳಿಂದ ಕೈಗೆ, ಕೈಯಿಂದ ಕಂಕುಳಿಗೆ ಬದಲಿಸಿದರು.

ಆಚಾರ್ರು ಸಹಿ ಹಾಕುವ ಪೆನ್ನನ್ನು ತೆಗೆದು, ಮತ್ತೆ ಜೇಬಿಗಿಟ್ಟರು.

"ಇಳಿಸಿದಾಂವ ಏರಸಲಿ," ಎಂದರು.

"ಅದು ನನ್ನ ನಿರ್ಧಾರ," ಎಂದರು ಮ್ಯಾನೇಜರ್.

"ಯಾರು ಹಾರಸಬೇಕು ಅನ್ನೂದು ನಿಮ್ಮದು. ಸಹಿ ನನ್ನದು. ಈ ನೆಲ ಎಲ್ಲಿ ಮೆತ್ತಗ ಐತಿ, ಗಾಳಿ ಎಲ್ಲಿ ಒತ್ತತೈತಿ ಅಂತ ಈ ಹೊಲದಾಗ ಇಳಿದವರಿಗೆ ಗೊತ್ತು. ಬ್ಯಾರೆಯವರು ಏರಸೂದಾದ್ರ ನಾ ಇನ್ನೊಂದು ವಾರ ನೋಡ್ತ ಕೂಡ್ತೀನಿ."

ಮ್ಯಾನೇಜರ್ ರೈತರ ಗುಂಪನ್ನು ನೋಡಿದರು. ಒಂದು ವಾರ ಎಂದರೆ ಹತ್ತಿಯಲ್ಲಿ ಕಾಯಿ ಉಳಿಯುವುದಿಲ್ಲ. ಆಗಲಿ ಎಂಬಂತೆ ಕೈ ಬೀಸಿದರು.

ಬೇಗ್ ಸಾಹೇಬರು ಪಟ್ಟಿಯ ಉದ್ದಕ್ಕೂ ಒಮ್ಮೆ ನಡೆದು ಬಂದರು. ಹತ್ತುವ ಮುನ್ನ ಗಾಳಿನಳಿಕೆಯ ಬಾಯಿಗೆ ತಾವೇ ಬಗ್ಗಿ ಊದಿ ನೋಡಿದರು, ನನ್ನ ಭುಜ ತಟ್ಟಿದರು. ಎಂಜಿನ್ ಹಚ್ಚಿಕೊಂಡಿತು. ಕುರಿ ತುಳಿದ ನೆಲದ ಮೇಲೆ ಗಾಲಿಗಳು ಕುಣಿಯುತ್ತ ಓಡಿದವು. ಪಟ್ಟಿಯ ಕೊನೆ ಹತ್ತಿರ ಬರುತ್ತಿತ್ತು, ಬಾಲ ಎದ್ದಿತ್ತು, ಗಾಲಿ ಇನ್ನೂ ನೆಲದಲ್ಲೇ ಇತ್ತು. ಆಚಾರ್ರು ಕೊರಳ ದಾರದ ಕನ್ನಡಕವನ್ನು ಹಿಡಿದೇ ನಿಂತಿದ್ದರು, ಹಾಕಿಕೊಳ್ಳಲಿಲ್ಲ. ಆಮೇಲೆ ಗಾಲಿಗಳ ಕೆಳಗೆ ಬೆಳಕು ಕಂಡಿತು. ಮೂಗು ಎದ್ದಿತು. ಇದೇ ಆ ಜಾಗ, ಪೂರ್ತಿ ಬಲ, ಏರು. ನಾನು ಕಿವಿಯಾಗಿ ನಿಂತೆ. ಸದ್ದು ಎಲ್ಲಿಯೂ ತುಂಡಾಗಲಿಲ್ಲ. ವಿಮಾನ ದೊಡ್ಡದೊಂದು ಸುತ್ತು ಹಾಕಿ ಆದೋನಿಯ ಗುಡ್ಡಗಳ ಕಡೆ ತಿರುಗಿತು.

ಪಕ್ಕದಲ್ಲಿ ನಿಂತ ಯುವ ಪೈಲಟ್ ಕೇಳಿದ, "ಕೆಮ್ಮು ಶುರುವಾದ ಮೇಲೂ ಇವರು ದಿನಾ ಹಾರಿದರಾ?"

"ಹೌದ್ರಿ. ದಿನಾ ಹೇಳ್ತಿದ್ರು, ದಿನಾ ಹಾರ್ತಿದ್ರು."

"ನಾನಾಗಿದ್ದರೆ ಎರಡನೇ ದಿನ ಹತ್ತುತ್ತಿರಲಿಲ್ಲ," ಎಂದ. ಮ್ಯಾನೇಜರ್ ಅಲ್ಲೇ ನಿಂತಿದ್ದರು. ಕೇಳಿಸಿರಬೇಕು. ಜೀಪಿನ ಕಡೆ ನಡೆದರು. ಆ ಯುವಕ ಅಂದಿನ ರೈಲಿಗೇ ವಾಪಸ್ಸಾದ. ಹಂಗಾಮು ಮುಗಿಯುವವರೆಗೆ ಬೇಗ್ ಸಾಹೇಬರೇ ಹಾರಿಸಿದರು.

ಜನ ಚದುರಿದರು. ನಾನು ಹಗ್ಗ, ಡಬ್ಬಿ, ಹತ್ಯಾರಗಳನ್ನು ಎಣಿಸಿ ಚೀಲಕ್ಕೆ ತುಂಬುತ್ತಿದ್ದೆ. ನಮ್ಮ ತಂದೆ ಕುರಿಗಳ ಬಾಯಿಬುಟ್ಟಿ ಬಿಚ್ಚಿ, ಒಂದೊಂದರ ಗೊರಸು ಎತ್ತಿ ನೋಡಿ, ಹಿಂಡನ್ನು ಹೊಡೆದುಕೊಂಡು ಹೊರಟವರ ಹಾಗೆ ಹೊರಟು, ತಿರುಗಿ ಬಂದರು.

"ಈರಾ, ನಿಮ್ಮ ಹಾರಸೂ ಸಾಹೇಬಗ ಒಂದು ಮಾತು ಹೇಳು. ಇನ್ನೊಮ್ಮೆ ಬೀಳೂದಿದ್ರ ಸುಗ್ಗಿ ಆದ ಮ್ಯಾಲ ಬೀಳ್ರಿ ಅನ್ನು. ಆಗ ಹೊಲ ಎಲ್ಲಾ ಖಾಲಿ ಇರ್ತಾವ, ಎಲ್ಲಿ ಬೇಕಾದ್ರೂ ಇಳಸಬಹುದು."